ಸ್ಟಾಕ್ ಫೋಟೊ

ಯಾವುದೇ ಒಬ್ಬ ಗ್ರಾಹಕರಿಗೆಂದು ತೆಗೆಯದೆ, ಮುಂದೆ ಬೇಕಾದವರಿಗೆಲ್ಲ ಬಳಕೆಯ ಪರವಾನಗಿ ನೀಡಲೆಂದು ಸಂಗ್ರಹಿಸಿಟ್ಟ ಛಾಯಾಚಿತ್ರಕ್ಕೆ ಸ್ಟಾಕ್ ಫೋಟೊ ಎನ್ನುತ್ತಾರೆ. ಜಾಹೀರಾತು, ಕರಪತ್ರ, ಪುಸ್ತಕದ ಮುಖಪುಟ, ಜಾಲತಾಣ, ಯೂಟ್ಯೂಬ್ ಥಂಬ್‌ನೇಲ್ ಮುಂತಾದ ಕಡೆ ಇದರ ಬಳಕೆ ಹೆಚ್ಚು. ಹಣ ಕೊಟ್ಟು ಪಡೆದರೂ ಚಿತ್ರದ ಒಡೆತನ ಕೈಗೆ ಬರುವುದಿಲ್ಲ. ಗೊತ್ತುಪಡಿಸಿದ ಷರತ್ತುಗಳೊಳಗೆ ಬಳಸುವ ಅನುಮತಿಯಷ್ಟೇ ಬರುತ್ತದೆ. ಈ ಕ್ಷೇತ್ರದ ಬಹುಪಾಲು ತಕರಾರುಗಳ ಬೇರು ಇಲ್ಲಿದೆ.

ಈ ವ್ಯಾಪಾರ ಅಂತರಜಾಲಕ್ಕಿಂತ ಹಳೆಯದು. ನಾಜಿ ಜರ್ಮನಿಯನ್ನು ತೊರೆದು ಬಂದ ಆಟೊ ಬೆಟ್‌ಮನ್ 1936ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭಿಸಿದ ಸಂಗ್ರಹ ದಶಕಗಳ ಕಾಲ ಪತ್ರಿಕೆಗಳಿಗೂ ಪ್ರಕಾಶಕರಿಗೂ ಚಿತ್ರ ಒದಗಿಸಿತು. 1995ರಲ್ಲಿ ಅದನ್ನು ಬಿಲ್ ಗೇಟ್ಸ್ ಒಡೆತನದ ಕಾರ್ಬಿಸ್ ಕೊಂಡುಕೊಂಡಿತು. ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ ಪರದೆಯ ಮೇಲೆ ಕಾಣುತ್ತಿದ್ದ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರವೂ ಕಾರ್ಬಿಸ್‌ನಲ್ಲಿದ್ದ ಸ್ಟಾಕ್ ಫೋಟೊವೇ. ಚಾರ್ಲ್ಸ್ ಒ'ರಿಯರ್ ಅದನ್ನು ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದಿದ್ದರು. ಮೈಕ್ರೊಸಾಫ್ಟ್ ಅದರ ಪೂರ್ಣ ಹಕ್ಕನ್ನೇ ಕೊಂಡಿತು. ಸಾಮಾನ್ಯ ಗ್ರಾಹಕರಿಗೆ ಅಂಥ ಹಕ್ಕು ಸಿಗುವುದು ತೀರ ಅಪರೂಪ.

ಬೆಲೆ ಕುಸಿದದ್ದು ಹೊಸ ಶತಮಾನದಲ್ಲಿ. 2000ದಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೂಸ್ ಲಿವಿಂಗ್‌ಸ್ಟನ್ ಐಸ್ಟಾಕ್‌ಫೋಟೊ ಆರಂಭಿಸಿದರು; ಹವ್ಯಾಸಿಗಳ ಚಿತ್ರಗಳೂ ಅಲ್ಲಿ ಮಾರಾಟವಾದವು. 2003ರಲ್ಲಿ ಜಾನ್ ಓರಿಂಜರ್ ತಾವೇ ತೆಗೆದ ಸುಮಾರು 30,000 ಚಿತ್ರಗಳಿಂದ ಶಟರ್‌ಸ್ಟಾಕ್ ತೆರೆದು ಚಂದಾ ಪದ್ಧತಿ ತಂದರು. ಸಣ್ಣ ಅಂಗಡಿಯವರಿಗೂ ಒಳ್ಳೆಯ ಚಿತ್ರ ಎಟುಕಿತು. ಆದರೆ ಸ್ಟಾಕ್ ಫೋಟೊ ಮಾರಾಟವನ್ನೇ ನಂಬಿ ಬದುಕಿದ್ದ ವೃತ್ತಿಪರ ಛಾಯಾಗ್ರಾಹಕರ ಆದಾಯಕ್ಕೆ ದೊಡ್ಡ ಪೆಟ್ಟು ಬಿತ್ತು. ಭಾರತೀಯ ಮುಖ, ಉಡುಪು, ಮನೆಗಳ ಚಿತ್ರ ಬೇಕಾದವರಿಗಾಗಿ ಸಂದೀಪ್ ಮಾಹೇಶ್ವರಿ 2006ರಲ್ಲಿ ಇಮೇಜಸ್‌ಬಜಾರ್ ಸ್ಥಾಪಿಸಿದರು. ಉಚಿತ ತಾಣಗಳು ಆಮೇಲೆ ಜನಪ್ರಿಯವಾದವು. ಅವುಗಳಲ್ಲಿ ಪಿಕ್ಸಾಬೇ ಮತ್ತು ಪೆಕ್ಸೆಲ್ಸ್ 2019ರಲ್ಲಿ ವಿನ್ಯಾಸ ತಾಣ ಕ್ಯಾನ್ವಾದ ಪಾಲಾದವು, ಅನ್‌ಸ್ಪ್ಲಾಶ್ 2021ರಲ್ಲಿ ಸ್ಟಾಕ್ ಫೋಟೊ ಸಂಸ್ಥೆ ಗೆಟ್ಟಿ ಇಮೇಜಸ್‌ನ ಪಾಲಾಯಿತು.

ಪರವಾನಗಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ರಾಯಲ್ಟಿ-ಫ್ರೀ. ಇದರಲ್ಲಿ ಒಮ್ಮೆ ಶುಲ್ಕ ಕೊಟ್ಟು ಹಲವು ಸಲ ಬಳಸಬಹುದು, ಆದರೂ ಮಿತಿಗಳಿವೆ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್‌ನಂಥ ಕಡೆ ಸಾಮಾನ್ಯ ಪರವಾನಗಿಯಲ್ಲಿ 5 ಲಕ್ಷ ಮುದ್ರಿತ ಪ್ರತಿಗಳ ಮಿತಿ ಇರುತ್ತದೆ. ಚಿತ್ರವೇ ಮುಖ್ಯ ಆಕರ್ಷಣೆಯಾದ ಟೀ ಶರ್ಟ್, ಪೋಸ್ಟರ್ ಮಾರುವವರು ಹೆಚ್ಚಿನ ಬೆಲೆಯ ವಿಸ್ತೃತ ಪರವಾನಗಿ ಪಡೆಯಬೇಕು. ‘ಎಡಿಟೋರಿಯಲ್’ ಎಂದು ಗುರುತಿಸಿದ ಚಿತ್ರವನ್ನು ಸುದ್ದಿ, ಲೇಖನಗಳಿಗೆ ಬಳಸಬಹುದು, ಜಾಹೀರಾತಿಗೆ ಬಳಸುವಂತಿಲ್ಲ. ಮುಕ್ತ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ನ ಚಿತ್ರಗಳಲ್ಲಿ ಹಲವು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯವು. ಅವು ಉಚಿತ, ಆದರೆ ಛಾಯಾಗ್ರಾಹಕರ ಹೆಸರನ್ನೂ ಪರವಾನಗಿಯನ್ನೂ ನಮೂದಿಸಲೇಬೇಕು. ಹಣ ಕೇಳದವರ ಹೆಸರನ್ನೂ ಬಿಟ್ಟುಬಿಡುವುದು ಕಾನೂನಿನ ತಪ್ಪಷ್ಟೇ ಅಲ್ಲ, ಕೃತಘ್ನತೆ ಕೂಡ.

ಛಾಯಾಗ್ರಾಹಕರ ಒಪ್ಪಿಗೆ ಇದ್ದರೂ ಕೆಲವು ಸಲ ಸಾಲದು. 2007ರಲ್ಲಿ ವರ್ಜಿನ್ ಮೊಬೈಲ್ ಆಸ್ಟ್ರೇಲಿಯ ಕಂಪನಿ ಫೋಟೊ ಹಂಚಿಕೆಯ ತಾಣ ಫ್ಲಿಕರ್‌ನಲ್ಲಿದ್ದ ಒಂದು ಫೋಟೊವನ್ನು ಜಾಹೀರಾತಿಗೆ ಬಳಸಿತು. ಅದರಲ್ಲಿದ್ದವಳು ಅಮೆರಿಕದ ಟೆಕ್ಸಸ್‌ನ ಒಬ್ಬ ಶಾಲಾ ಹುಡುಗಿ. ಚಿತ್ರದ ಮೇಲೆ ವಾಣಿಜ್ಯ ಬಳಕೆಗೂ ಅವಕಾಶ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇತ್ತು. ಹುಡುಗಿಯನ್ನಾಗಲೀ ಅವಳ ಮನೆಯವರನ್ನಾಗಲೀ ಯಾರೂ ಕೇಳಿರಲಿಲ್ಲ. ಕುಟುಂಬ ದಾವೆ ಹೂಡಿತು. ಆಸ್ಟ್ರೇಲಿಯದ ಕಂಪನಿ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಅಮೆರಿಕದ ನ್ಯಾಯಾಲಯ ಪ್ರಕರಣವನ್ನು ಕೈಬಿಟ್ಟಿತು. ಹುಡುಗಿಯ ಮುಖ ಮಾತ್ರ ಅಷ್ಟರೊಳಗೆ ಅಡಿಲೇಡ್‌ನ ಬೀದಿಯಲ್ಲಿ ಪ್ರದರ್ಶನಗೊಂಡಾಗಿತ್ತು. ಜಾಹೀರಾತಿನಲ್ಲಿ ವ್ಯಕ್ತಿಯ ಮುಖ ಬಳಸುವುದಾದರೆ ‘ಮಾಡೆಲ್ ರಿಲೀಸ್’ ಎಂಬ ಒಪ್ಪಿಗೆ ಪತ್ರ ಇದೆಯೇ ಎಂದು ನೋಡಬೇಕೆನ್ನುವುದು ಇದಕ್ಕಾಗಿಯೇ. ಕಟ್ಟಡಗಳಿಗೂ ನಿರ್ಬಂಧಗಳಿವೆ: ಐಫೆಲ್ ಗೋಪುರದ ರಾತ್ರಿಯ ದೀಪಾಲಂಕಾರಕ್ಕೆ ಹಕ್ಕುಸ್ವಾಮ್ಯವಿದ್ದು, ಅದರ ಚಿತ್ರದ ವಾಣಿಜ್ಯ ಬಳಕೆಗೆ ಅನುಮತಿ ಬೇಕು. ಭಾರತದಲ್ಲಿ ರಾಷ್ಟ್ರಧ್ವಜ, ಮಹಾತ್ಮ ಗಾಂಧಿಯವರ ಚಿತ್ರ ಮುಂತಾದವುಗಳನ್ನು ಸರ್ಕಾರದ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನಗಳ ಕಾಯ್ದೆ ತಡೆಯುತ್ತದೆ. ಸ್ವಾತಂತ್ರ್ಯ ದಿನದ ರಿಯಾಯಿತಿ ಮಾರಾಟದ ಪೋಸ್ಟರ್ ಮಾಡುವವರು ಇದನ್ನು ನೆನಪಿಡಬೇಕು.

ಗೂಗಲ್‌ನಲ್ಲಿ ಕಂಡ ಚಿತ್ರವೆಲ್ಲ ಬಳಕೆಗೆ ಮುಕ್ತ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ, ಅದು ತಪ್ಪು. ಗೂಗಲ್ ಹುಡುಕಿ ತೋರಿಸುತ್ತದೆ, ಪರವಾನಗಿ ಕೊಡುವುದಿಲ್ಲ. ಬಳಕೆಯ ಹಕ್ಕುಗಳ ಪ್ರಕಾರ ಸೋಸುವ ಸೌಲಭ್ಯ ಅಲ್ಲಿದ್ದರೂ ಮೂಲ ಪುಟಕ್ಕೆ ಹೋಗಿ ಷರತ್ತು ಓದುವುದು ಅಗತ್ಯ. ಟಿನ್‌ಐ ಅಥವಾ ಗೂಗಲ್ ಲೆನ್ಸ್‌ಗೆ ಚಿತ್ರವನ್ನೇ ಕೊಟ್ಟು ಹುಡುಕಿದರೆ ಅದು ಬೇರೆಲ್ಲಿ ಬಳಕೆಯಾಗಿದೆ ಎಂಬುದರ ಅಂದಾಜು ಸಿಗುತ್ತದೆ. ಎದುರಾಳಿ ಕಂಪನಿಯ ಜಾಹೀರಾತಿನಲ್ಲಿ ನಗುತ್ತಿರುವ ಮುಖವೇ ನಮ್ಮ ಫಲಕದ ಮೇಲೂ ಬಾರದಿರಲು ಈ ಪರಿಶೀಲನೆ ನೆರವಾಗುತ್ತದೆ. ಮುದ್ರಣಕ್ಕಾದರೆ ಗಾತ್ರವೂ ಮುಖ್ಯ: 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಇಡೀ ಎ4 ಪುಟ ತುಂಬಲು 2480×3508 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದ ಚಿತ್ರ ಇದಕ್ಕೆ ಒದಗದು. ಕೃತಕ ಬುದ್ಧಿಮತ್ತೆಯ ಚಿತ್ರಗಳನ್ನು ಅಡೋಬಿ ಸ್ಟಾಕ್ ಗುರುತು ಹಾಕಿ ಮಾರುತ್ತದೆ. ನಿಜವಾದ ಸ್ಥಳ, ನಿಜವಾದ ಬೆಳೆ ತೋರಿಸಬೇಕಾದಲ್ಲಿ ಅವನ್ನು ಸೋಸಿ ತೆಗೆಯುವುದು ಲೇಸು.

ಹುಡುಕುವ ಪದಗಳು ಈಗಲೂ ಹೆಚ್ಚಾಗಿ ಇಂಗ್ಲಿಷ್‌ನವು. ಹಾಗಾಗಿ ಕನ್ನಡದ ಬದುಕಿಗೆ ಹತ್ತಿರವಾದ ವಸ್ತುಗಳು ಈ ಸಂಗ್ರಹಗಳಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ. ಗಿಡ, ಬೆಳೆ, ಹಕ್ಕಿಗಳಿಗೆ ವೈಜ್ಞಾನಿಕ ಹೆಸರು ಕೊಟ್ಟರೆ, ಸ್ಥಳಗಳಿಗೆ ವಿಕಿಮೀಡಿಯ ಕಾಮನ್ಸ್‌ನ ವರ್ಗಗಳನ್ನು ಜಾಲಾಡಿದರೆ ಫಲ ಹೆಚ್ಚು. ಹಂಪಿ, ಬೇಲೂರು, ಬಾದಾಮಿಗಳ ಒಳ್ಳೆಯ ಚಿತ್ರಗಳು ಅಲ್ಲಿವೆ. ಅಡಿಕೆ ಸುಲಿಯುವ ಅಂಗಳವೋ ಇಳಕಲ್ ಸೀರೆಯ ಮಗ್ಗವೋ ಬೇಕಿದ್ದು ಎಲ್ಲೂ ಸಿಗದಿದ್ದರೆ ಊರಿನ ಛಾಯಾಗ್ರಾಹಕರಿಂದಲೇ ತೆಗೆಸುವುದು ಉತ್ತಮ. ಹಾಗೆ ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕುಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, 1957ರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 17ರ ಪ್ರಕಾರ ತೆಗೆಸಿದವರಿಗೇ ಸೇರುತ್ತದೆ.