ನೂರೆಂಟು (108): ಹೈದರಾಬಾದಿನ ತುರ್ತು ವೈದ್ಯಕೀಯ ಸೇವೆ

ಅಪಘಾತ, ಹೃದಯಾಘಾತ, ಪ್ರಸವವೇದನೆ ಮೊದಲಾದ ಆಪತ್ಕಾಲಗಳಲ್ಲಿ 108 ಸಂಖ್ಯೆಗೆ ಬಂದ ದೂರವಾಣಿಯ ಕರೆಗೆ ಓಗೊಟ್ಟು, ಔಷಧೋಪಕರಣಗಳನ್ನೂ ತರಬೇತಿ ಪಡೆದ ಸಹಾಯಕನನ್ನೂ ಹೊತ್ತ ವಾಹನವನ್ನು ರೋಗಿಯಿದ್ದೆಡೆಗೇ ಕಳುಹಿಸಿ, ಶುಲ್ಕವಿಲ್ಲದೆ ಆಸ್ಪತ್ರೆಗೆ ಮುಟ್ಟಿಸುವ ಈ ಸೇವೆ 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಆರಂಭವಾಯಿತು.

ನಗರಕ್ಕೆ ವೈದ್ಯಾಲಯಗಳ ಕೊರತೆಯಿರಲಿಲ್ಲ. ಮೂಸೀ ನದಿಯ ದಡದಲ್ಲಿ ನಿಜಾಮನ ಕಾಲದಲ್ಲೇ ಎದ್ದು ನಿಂತ ಉಸ್ಮಾನಿಯಾ ಆಸ್ಪತ್ರೆಯ ಭವ್ಯತೆ ಪ್ರಸಿದ್ಧವೇ ಸರಿ. ಆದರೆ ಅದರ ಬಾಗಿಲವರೆಗೆ ರೋಗಿಯನ್ನು ಜೀವಸಹಿತ ತರುವ ಭಾರ ಮಾತ್ರ ಬಹುಮಟ್ಟಿಗೆ ಬಂಧುಗಳದೂ ಆಟೋ ಚಾಲಕರದೂ ಆಗಿತ್ತು. ಈ ಕೊರತೆಯನ್ನು ನೀಗಲು ಸತ್ಯಂ ಕಂಪ್ಯೂಟರ್ಸಿನ ಸ್ಥಾಪಕ ಬಿ. ರಾಮಲಿಂಗರಾಜು ಕುಟುಂಬದ ದಾನದಿಂದ ಇ.ಎಂ.ಆರ್.ಐ. ಎಂಬ ಸಂಸ್ಥೆ ಹುಟ್ಟಿತು. ವೈ. ಎಸ್. ರಾಜಶೇಖರ ರೆಡ್ಡಿಯವರ ಆಂಧ್ರಪ್ರದೇಶ ಸರ್ಕಾರ ಕೈಜೋಡಿಸಿ, ಕಾಲಕ್ರಮದಲ್ಲಿ ನಿರ್ವಹಣೆಯ ವೆಚ್ಚದ ಬಹುಭಾಗವನ್ನು ಹೊತ್ತುಕೊಂಡಿತು. ಅಪಘಾತಕ್ಕೀಡಾದವರಿಗೆ ಎಷ್ಟೋ ಅಷ್ಟೇ ಗರ್ಭಿಣಿಯರಿಗೂ ಇದು ನೆರವಾಯಿತು. ಹಳ್ಳಿಯ ದಾರಿಯ ನಡುವೆಯೇ ವಾಹನದಲ್ಲಿ ಹೆರಿಗೆಯಾದ ಪ್ರಸಂಗಗಳು ಅನೇಕ. ಪೈಲಟ್ ಎಂದು ಕರೆಯಲ್ಪಡುವ ಚಾಲಕನ ಪಾತ್ರವೂ ಇಲ್ಲಿ ಅಲ್ಪವಲ್ಲ.

2009ರ ಜನವರಿ 7ರಂದು ಸಂಸ್ಥಾಪಕನೇ ತನ್ನ ಕಂಪನಿಯ ಲೆಕ್ಕಪತ್ರಗಳ ವಂಚನೆಯನ್ನು ಒಪ್ಪಿಕೊಂಡಾಗ, ಒಬ್ಬ ಧನಿಕನ ಔದಾರ್ಯವನ್ನು ನೆಚ್ಚಿ ನಿಂತ ಲೋಕೋಪಕಾರವು ಎಷ್ಟು ದುರ್ಬಲವಾದ ಅಡಿಪಾಯದ ಮೇಲಿತ್ತೆಂಬುದು ಪ್ರಕಟವಾಯಿತು. ಆದರೂ ಗಾಡಿಗಳು ನಿಲ್ಲಲಿಲ್ಲ: ಸರ್ಕಾರದ ಹಣ ಹರಿಯುತ್ತಿತ್ತು, ಅದೇ ವರ್ಷ ಜಿ.ವಿ.ಕೆ. ಸಮೂಹ ಆಡಳಿತವನ್ನು ವಹಿಸಿಕೊಂಡಿತು. ಅಷ್ಟರಲ್ಲಿ ಈ ಪದ್ಧತಿ 2007ರಲ್ಲಿ ಗುಜರಾತಿಗೂ, 2008ರ ನವೆಂಬರ್ 1ರಂದು, ಅಂದರೆ ರಾಜ್ಯೋತ್ಸವದ ದಿನವೇ, ‘ಆರೋಗ್ಯ ಕವಚ’ವೆಂಬ ಹೆಸರಿನಲ್ಲಿ ಕರ್ನಾಟಕಕ್ಕೂ ಹಬ್ಬಿತ್ತು. 1956ರವರೆಗೆ ಹೈದರಾಬಾದ್ ರಾಜ್ಯದೊಳಗಿದ್ದ, ದೊಡ್ಡ ಕಾಯಿಲೆಗೆ ಇಂದಿಗೂ ಆ ನಗರದ ಕಡೆ ಮುಖ ಮಾಡುವ ಬೀದರ, ಕಲಬುರಗಿ ಸೀಮೆಗಳಿಗೆ ಇದು ಸಹಜವಾದ ನಂಟೇ.

ಒಬ್ಬ ಧನಿಕನನ್ನೇ ನೆಚ್ಚದ ದಾನದ ರೂಪವೊಂದು ವಾಯುಮಾರ್ಗದ ರಕ್ಷಣಾಕಾರ್ಯದಲ್ಲುಂಟು. 1952ರಲ್ಲಿ ಸ್ಥಾಪಿತವಾದ ಸ್ವಿಟ್ಜರ್ಲೆಂಡಿನ ರೇಗಾ ಸಂಸ್ಥೆಯ ಹೆಲಿಕಾಪ್ಟರುಗಳು 35 ಲಕ್ಷಕ್ಕೂ ಮಿಕ್ಕ ಸಾಮಾನ್ಯ ಪೋಷಕರ ಸಣ್ಣ ವಾರ್ಷಿಕ ವಂತಿಗೆಗಳ ಬಲದಿಂದ ಹಾರುತ್ತವೆ. ಅಲ್ಲಿ ಒಬ್ಬ ದಾನಿ ಬಿದ್ದರೆ ಸೇವೆ ಬೀಳುವಂತಿಲ್ಲ. ಹೈದರಾಬಾದು ಈಗ ಸೇರಿರುವ ತೆಲಂಗಾಣದಲ್ಲಾದರೋ ಪ್ರವಾಹದಲ್ಲಿ ಸಿಲುಕಿದವರನ್ನು ಎತ್ತಿ ತರುವ ಕಾರ್ಯ ವಾಯುಸೇನೆಯದು, ವೆಚ್ಚ ಬೊಕ್ಕಸದ್ದು. ವಂತಿಗೆಯ ಹೆಲಿಕಾಪ್ಟರ್ ಅಲ್ಲಿ ಇನ್ನೂ ಹಾರಿಲ್ಲ.