ಕಂಪ್ಯೂಟರ್ ಕಲಿಕೆಯ ಪುಸ್ತಕ: ಆರಿಸುವುದು ಹೇಗೆ?

ಆಫೀಸ್ ತಂತ್ರಾಂಶ ಕಲಿಯಲು ನೀವು ಕೊಳ್ಳುವ ಪುಸ್ತಕ ಎಷ್ಟು ಕಾಲ ಬಾಳೀತು? ಇತಿಹಾಸವನ್ನೇ ಕೇಳೋಣ. 1979ರಲ್ಲಿ ವಿಸಿಕ್ಯಾಲ್ಕ್ ತಂದ ಅಡ್ಡಸಾಲು, ಕಂಬಸಾಲುಗಳ ಲೆಕ್ಕಹಾಳೆ ಇಂದಿಗೂ ಉಳಿದಿದೆ. ಆದರೆ ಎಂಎಸ್ ಆಫೀಸ್ 2007ರಲ್ಲಿ ಮೆನುಗಳ ಜಾಗಕ್ಕೆ ರಿಬ್ಬನ್ ಬಂದಾಗ, 'ಇಲ್ಲಿ ಒತ್ತಿ, ಅಲ್ಲಿ ಒತ್ತಿ' ಎಂದಷ್ಟೇ ಕಲಿಸಿದ್ದ ಪುಸ್ತಕಗಳು ಒಮ್ಮೆಲೇ ಹಳತಾದವು.

ಕನ್ನಡಕ್ಕೆ ಇನ್ನೊಂದು ತೊಡಕಿತ್ತು. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಮೂಡಿಸಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತಿತ್ತು. ಯೂನಿಕೋಡ್ ಅದನ್ನು ನೀಗಿಸಿತು. ಪುಸ್ತಕ ಇದನ್ನು ತಿಳಿಸುತ್ತದೆಯೇ, ನೋಡಿ.

ಕೊನೆಗೊಂದು ಪರೀಕ್ಷೆ: ಘಟಪ್ರಭೆಯ ಹಿಡಕಲ್ ಜಲಾಶಯದ ಒಂದು ವಾರದ ಒಳಹರಿವನ್ನು ಪತ್ರಿಕೆಯಿಂದ ಬರೆದುಕೊಂಡು ಸರಾಸರಿ ತೆಗೆಯಿರಿ. ಒಂದು ಅಂಕಿ ತಿದ್ದಿದೊಡನೆ ಉತ್ತರ ತಾನೇ ಬದಲಾದುದೇಕೆಂದು ವಿವರಿಸಬಲ್ಲಿರಾದರೆ, ಪುಸ್ತಕಕ್ಕೆ ಕೊಟ್ಟ ಹಣ ಸಾರ್ಥಕ.