ಕಲ್ಯಾಣದ ಸಭಿಕನೂ ಜೂಜುಗಾರನ ಇಡುಗಂಟೂ

ಜೂಜಿನ ವಿಷಯವಾಗಿ ನಮ್ಮ ಪೂರ್ವಿಕರು ಬರೆದಿಟ್ಟುದು ಬಹಳ. ಆದರೆ ಅದರಲ್ಲಿ ಹೆಚ್ಚಿನ ಭಾಗವು ನಿಂದೆಯೇ ಆಗಿರುವುದು. ನಿಂದೆಯನ್ನೋದಿ ದಾಳವನ್ನು ಕೆಳಗಿಟ್ಟವರು ವಿರಳ. ಈ ಲೇಖನದ ಉದ್ದೇಶವು ಬೇರೆಯದು. ಕೈಯಲ್ಲಿದ್ದ ಸ್ವಲ್ಪ ಹಣವನ್ನು ಬೇರೆಯಾಗಿ ಕಟ್ಟಿಟ್ಟು, ಅದನ್ನು ಆಟದಿಂದಲೇ ಬೆಳೆಯಿಸಿ, ಕಡೆಗೆ ಆಟವನ್ನೇ ಜೀವನೋಪಾಯವನ್ನಾಗಿ ಮಾಡಿಕೊಳ್ಳಬೇಕೆಂಬ ಆಸೆಯು ಈಚೆಗೆ ಓದುಬರಹವುಳ್ಳ ಮನೆಗಳ ತರುಣರಲ್ಲಿಯೂ ಕಾಣಬರುತ್ತಲಿದೆ. ಅವರು ಮನಸ್ಸಿಟ್ಟಿರುವುದು ಪೋಕರ್ ಎಂಬ ಇಸ್ಪೀಟಿನ ಆಟದ ಮೇಲೆ. ಅದರಲ್ಲಿ ಆಟಗಾರರು ತಮ್ಮತಮ್ಮೊಳಗೆ ಪಣವೊಡ್ಡಿ ಆಡುತ್ತಾರೆ. ಆಟವನ್ನು ನಡೆಯಿಸುವ ಮನೆಯವನು ಕೂಡಿದ ಪಣದಲ್ಲಿ ಒಂದು ಪಾಲನ್ನು ತೆಗೆದುಕೊಳ್ಳುತ್ತಾನೆ. ‘ಇದು ಅದೃಷ್ಟದ ಆಟವಲ್ಲ, ಬುದ್ಧಿಯ ಆಟ, ಸಣ್ಣ ಪಣದಿಂದ ಮೊದಲು ಮಾಡಿ, ಶಿಸ್ತಿನಿಂದ ನಡೆದರೆ ಗಂಟು ಬೆಳೆಯುವುದು’ ಎಂದು ಆ ತರುಣರು ವಾದಿಸುತ್ತಾರೆ. ಅವರು ಮೂಢರಲ್ಲ. ಅವರಿಗೆ ನಿಂದೆಯು ಉತ್ತರವಾಗಲಾರದು; ಲೆಕ್ಕವೇ ಉತ್ತರವಾಗಬೇಕು. ಆ ಲೆಕ್ಕದ ಒಂದು ಮುಖ್ಯವಾದ ಅಂಕಿಯನ್ನಾದರೋ ಒಂಬತ್ತುನೂರು ವರ್ಷಗಳ ಹಿಂದೆ ನಮ್ಮ ಈ ಬೀದರ ಸೀಮೆಯ ಕಲ್ಯಾಣಪಟ್ಟಣದಲ್ಲಿ ಕುಳಿತ ಒಬ್ಬ ಪಂಡಿತನು ವಿವರಿಸಿಟ್ಟಿರುವನು. ಮೆಹಕರದವರಾದ ನಮಗೆ ಕಲ್ಯಾಣವು ಪರಸ್ಥಳವಲ್ಲವಾದುದರಿಂದ, ಆ ಮಾತನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ಮೊದಲು, ಆಟದಿಂದ ಬದುಕುವವನೆಂಬ ಹೆಸರು ನಮ್ಮ ವಾಙ್ಮಯದಲ್ಲಿ ಎಲ್ಲಿ ಬರುವುದೆಂಬುದನ್ನು ನೋಡೋಣ. ಶೂದ್ರಕನ ಮೃಚ್ಛಕಟಿಕದ ಎರಡನೆಯ ಅಂಕದಲ್ಲಿ ಸಂವಾಹಕನೆಂಬುವನೊಬ್ಬನಿದ್ದಾನೆ. ಪಾಟಲಿಪುತ್ರದ ಗೃಹಸ್ಥನ ಮಗ. ಮೈಯೊತ್ತುವುದನ್ನು ಕಲೆಯೆಂದು ಕಲಿತವನು, ಕಾಲಗತಿಯಿಂದ ಅದೇ ಅವನಿಗೆ ಕಸುಬಾಯಿತು. ಉಜ್ಜಯಿನಿಗೆ ಬಂದು ಚಾರುದತ್ತನಲ್ಲಿ ಸೇವೆಗೆ ನಿಂತನು. ಚಾರುದತ್ತನ ಸಂಪತ್ತು ಕರಗಿದ ಮೇಲೆ ತಾನು ದ್ಯೂತೋಪಜೀವಿಯಾದೆನೆಂದು ಅವನೇ ವಸಂತಸೇನೆಯ ಮುಂದೆ ಹೇಳಿಕೊಳ್ಳುತ್ತಾನೆ. ಇಂದಿನ ತರುಣರು ಬಯಸುವ ಪದವಿಯ ಹೆಸರು ಇದೇ. ಇವನನ್ನು ಕವಿಯು ದುಷ್ಟನನ್ನಾಗಿ ಚಿತ್ರಿಸಿಲ್ಲ. ಕೆಲಸ ತಪ್ಪಿದವನು, ಕೈಯಲ್ಲಿ ಕಲೆಯಿದ್ದವನು, ಸಜ್ಜನನ ಸಹವಾಸದಲ್ಲಿದ್ದವನು. ಅವನು ಸೋತದ್ದು ಹತ್ತು ಸುವರ್ಣ. ಕೊಡಲಾರದೆ ಓಡಿ, ವಿಗ್ರಹವಿಲ್ಲದ ಒಂದು ಗುಡಿಯೊಳಹೊಕ್ಕು ತಾನೇ ವಿಗ್ರಹದಂತೆ ನಿಂತುಕೊಳ್ಳುತ್ತಾನೆ. ಹಿಂದೆಯೇ ಬಂದ ಸಭಿಕ ಮಾಥುರನೂ ಗೆದ್ದ ಜೂಜುಗಾರನೂ ಅದನ್ನು ಅರಿತು, ಅಲ್ಲಿಯೇ ಕುಳಿತು ಆಡತೊಡಗುತ್ತಾರೆ. ದಾಳದ ಸದ್ದು ಕಿವಿಗೆ ಬಿದ್ದೊಡನೆ ಪ್ರಾಣಭಯವೂ ಮರೆತುಹೋಗಿ ವಿಗ್ರಹವು ‘ಸರದಿ ನನ್ನದು’ ಎಂದು ಇಳಿದುಬರುತ್ತದೆ! ಇನ್ನೂ ಸೊಗಸಾದುದು ಅವನ ಗಣಿತ. ಸಭಿಕನಿಂದ ಅರ್ಧ, ಗೆದ್ದವನಿಂದ ಅರ್ಧ ಬಿಡಿಸಿಕೊಂಡು, ಎರಡು ಅರ್ಧಗಳೂ ಹೋದುದರಿಂದ ಸಾಲವೆಲ್ಲ ತೀರಿತೆಂದು ಹೊರಡಲು ನೋಡುತ್ತಾನೆ. ಕಡೆಗೆ ವಸಂತಸೇನೆಯು ತನ್ನ ಆಭರಣವನ್ನು ಕೊಟ್ಟು ಬಿಡಿಸುತ್ತಾಳೆ, ಅವನು ಬೌದ್ಧಭಿಕ್ಷುವಾಗುತ್ತಾನೆ.

ಈ ಕಥೆಯಲ್ಲಿ ನಗುವಾಗ ಒಂದು ಸಂಗತಿಯು ನಮ್ಮ ಗಮನಕ್ಕೆ ತಪ್ಪುತ್ತದೆ. ಸಂವಾಹಕನಿಗೆ ಗಂಟೇ ಇರಲಿಲ್ಲ. ಉಣ್ಣುವುದೂ ಒಡ್ಡುವುದೂ ಒಂದೇ ಚೀಲದಿಂದ. ನಮ್ಮ ಕಡೆಯ ಒಕ್ಕಲಿಗನು ಬಿತ್ತನೆಯ ಜೋಳವನ್ನೂ ಉಣ್ಣುವ ಜೋಳವನ್ನೂ ಬೇರೆಬೇರೆಯಾಗಿ ಇಡುತ್ತಾನೆ. ಬರಗಾಲದಲ್ಲಿ ಬೀಜಕ್ಕೆ ಕೈಹಾಕಿದವನ ಹೊಲವು ಮುಂದಿನ ವರ್ಷ ಬೀಳುಬಿದ್ದಂತೆಯೇ ಎಂಬುದು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಗಂಟನ್ನು ಬೇರೆಯಾಗಿ ಕಟ್ಟಿಡುವ ಇಂದಿನ ತರುಣನು ಈ ಒಂದು ವಿಷಯದಲ್ಲಿ ಸಂವಾಹಕನಿಗಿಂತ ಜಾಣನೆಂದು ಒಪ್ಪಲೇಬೇಕು.

ಇನ್ನು ಸಭಿಕನ ಕಡೆಗೆ ಬರೋಣ. ಮೈಸೂರಿನ ರುದ್ರಪಟ್ಟಣಂ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯುಂಟು. ಜೂಜು ಒಂದೇ ಸ್ಥಳದಲ್ಲಿ ನಡೆಯತಕ್ಕದ್ದು, ಬೇರೆಡೆಯಲ್ಲಿ ಆಡಿದವನಿಗೆ ಹನ್ನೆರಡು ಪಣ ದಂಡ. ಗೆದ್ದ ದ್ರವ್ಯದಲ್ಲಿ ನೂರಕ್ಕೆ ಐದು ಅಧ್ಯಕ್ಷನಿಗೆ. ಅದಲ್ಲದೆ ಕವಡೆ ದಾಳಗಳ ಬಾಡಿಗೆ, ನೀರಿನ ಮತ್ತು ನೆಲದ ಹಣ. ಮನುವು ಇದಕ್ಕೆ ವಿರೋಧಿ. ರಾಜನು ಜೂಜನ್ನು ರಾಷ್ಟ್ರದಿಂದಲೇ ಹೊರಗಿಡಬೇಕೆನ್ನುತ್ತಾನೆ. ಯಾಜ್ಞವಲ್ಕ್ಯನು ಕೌಟಿಲ್ಯನ ದಾರಿಯವನು. ಆ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದವನೇ ನಮ್ಮ ವಿಜ್ಞಾನೇಶ್ವರನು. ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಇದ್ದನು. ಗ್ರಂಥದ ಕೊನೆಯಲ್ಲಿ ಕಲ್ಯಾಣಪುರವನ್ನೂ ಅದರ ಅರಸನನ್ನೂ ಕೊಂಡಾಡಿದ್ದಾನೆ. ದಾಯಭಾಗದ ವ್ಯಾಜ್ಯಗಳಲ್ಲಿ ಬಂಗಾಳವೊಂದನ್ನು ಬಿಟ್ಟು ಹೆಚ್ಚುಕಡಿಮೆ ದೇಶದಲ್ಲೆಲ್ಲಾ ಆಧಾರವಾದ ಈ ಗ್ರಂಥದ ವ್ಯವಹಾರಾಧ್ಯಾಯದಲ್ಲಿ ದ್ಯೂತಸಮಾಹ್ವಯವೆಂಬ ಚಿಕ್ಕ ಪ್ರಕರಣವೊಂದಿದೆಯೆಂಬುದನ್ನು ವಕೀಲರು ಕೂಡ ಅಪರೂಪವಾಗಿ ನೆನೆಯುತ್ತಾರೆ.

ಅಲ್ಲಿ ವಿಜ್ಞಾನೇಶ್ವರನು ಸಭಿಕನೆಂದರೆ ಯಾರೆಂಬುದನ್ನು ವಿವರಿಸುತ್ತಾನೆ. ಜೂಜುಗಾರರು ಕೂಡುವ ಸಭೆ ಯಾರದೋ, ದಾಳವೇ ಮೊದಲಾದ ಸಾಮಗ್ರಿಯನ್ನು ಯಾರು ಒದಗಿಸುತ್ತಾನೋ, ಅದರಿಂದ ಕೂಡಿಬಂದ ದ್ರವ್ಯದಿಂದ ಯಾರು ಜೀವಿಸುತ್ತಾನೋ ಅವನು ಸಭಿಕ. ಇಲ್ಲಿ ‘ಉಪಜೀವಿ’ ಎಂಬ ಶಬ್ದವು ಯಾರಿಗೆ ಸಂದಿದೆಯೆಂಬುದನ್ನು ವಾಚಕರು ಲಕ್ಷಿಸಬೇಕು. ನಾಟಕದ ಸಂವಾಹಕನು ಅದನ್ನು ತನಗೆ ಹೇಳಿಕೊಂಡನು. ಕಲ್ಯಾಣದ ಧರ್ಮಶಾಸ್ತ್ರಜ್ಞನು ಅದನ್ನು ಮನೆಯವನಿಗೆ ಕೊಟ್ಟನು. ಸಭಿಕನು ಪಾಲನ್ನು ತೆಗೆದುಕೊಳ್ಳುವುದು ತನ್ನ ವೃತ್ತಿಗಾಗಿಯೇ ಎಂದೂ ಸ್ಪಷ್ಟವಾಗಿ ಬರೆದಿದ್ದಾನೆ. ಆಟಗಾರನ ವೃತ್ತಿಯ ಮಾತು ಆ ವಿವರಣೆಯಲ್ಲಿ ಬರುವುದೇ ಇಲ್ಲ.

ಪಾಲು ಎಷ್ಟು? ಒಬ್ಬನ ಗೆಲವು ನೂರು ಅಥವಾ ಅದಕ್ಕೆ ಮೇಲ್ಪಟ್ಟರೆ ನೂರಕ್ಕೆ ಐದು, ಎಂದರೆ ಇಪ್ಪತ್ತರಲ್ಲಿ ಒಂದು. ಗೆಲವು ನೂರನ್ನು ಮುಟ್ಟದವನಿಂದಲಾದರೋ ನೂರಕ್ಕೆ ಹತ್ತು, ಗೆದ್ದುದರ ದಶಮಾಂಶ. ಸಣ್ಣವನಿಗೆ ಇಮ್ಮಡಿ! ಸಭಿಕನ ಕಣ್ಣಿನಿಂದ ನೋಡಿದರೆ ಇದರಲ್ಲಿ ಅನ್ಯಾಯವಿಲ್ಲ. ದೊಡ್ಡ ಪಣಕ್ಕೂ ಸಣ್ಣ ಪಣಕ್ಕೂ ಅದೇ ದೀಪ, ಅದೇ ಚಾಪೆ, ಅದೇ ಕಾವಲು. ಆದರೆ ಚಿಕ್ಕ ಗಂಟನ್ನು ಹಿಡಿದು ಮೇಲೇರಬಯಸುವವನು ಏಣಿಯ ಮೊದಲ ಮೆಟ್ಟಲಿನಲ್ಲಿಯೇ ಎರಡರಷ್ಟು ಸುಂಕವನ್ನು ತೆರುತ್ತಾನೆ. ಉರ್ದು-ಹಿಂದಿಗಳಲ್ಲಿ ಇದನ್ನು ‘ನಾಲ್’ ಎನ್ನುತ್ತಾರೆ. ಇಂದಿನ ಪೋಕರ್ ಮನೆಗಳಲ್ಲಿ ‘ರೇಕ್’ ಎನ್ನುತ್ತಾರೆ. ಅಲ್ಲಿಯೂ ಪಾಲಿಗೆ ಒಂದು ಮೇಲ್ಮಿತಿಯನ್ನು ಗೊತ್ತುಮಾಡಿರುವುದೇ ವಾಡಿಕೆಯಾದುದರಿಂದ, ದೊಡ್ಡ ಪಣದವನಿಗೆ ಅದು ಹಗುರವಾಗಿಯೂ ಸಣ್ಣವನಿಗೆ ಭಾರವಾಗಿಯೂ ಬೀಳುತ್ತದೆ.

ಇದನ್ನು ಪಾಠಶಾಲೆಯ ಗಣಿತದಂತೆ ಹಲಗೆಯ ಮೇಲೆ ಬರೆದುನೋಡೋಣ. ಒಬ್ಬನು ಒಂದೊಂದು ರೂಪಾಯಿಯ ನೂರು ಆಟಗಳನ್ನಾಡುವನು. ಎದುರಾಳಿಗಿಂತ ಜಾಣನಾದುದರಿಂದ ೫೧ ಗೆದ್ದು ೪೯ ಸೋಲುವನು. ಲಾಭ ಎರಡು ರೂಪಾಯಿ. ಸಭಿಕನು ಗೆದ್ದ ೫೧ ರೂಪಾಯಿಯಲ್ಲಿ ನೂರಕ್ಕೆ ಐದರಂತೆ ತೆಗೆದುಕೊಂಡರೆ ಎರಡು ರೂಪಾಯಿ ೫೫ ಪೈಸೆ. ಜಾಣನಿಗೆ ೫೫ ಪೈಸೆ ನಷ್ಟ. ದಶಮಾಂಶವಾದರೆ ಐದು ರೂಪಾಯಿ ಹತ್ತು ಪೈಸೆ. ನಷ್ಟವು ಮೂರು ರೂಪಾಯಿ ಹತ್ತು ಪೈಸೆ. ದಶಮಾಂಶವನ್ನು ತೆತ್ತೂ ಏನಾದರೂ ಉಳಿಯಬೇಕಾದರೆ ನೂರರಲ್ಲಿ ೫೩ ಗೆಲ್ಲಬೇಕು. ಆಗಲೂ ಉಳಿಯುವುದು ೭೦ ಪೈಸೆ. ಎದುರಾಳಿಗಿಂತ ಮೇಲಾದರೆ ಸಾಲದು; ಸಭಿಕನ ಪಾಲನ್ನೂ ಹೊರುವಷ್ಟು ಮೇಲಾಗಬೇಕು.

ಜ್ಞಾನವು ಬೇಕೆಂಬುದನ್ನು ನಮ್ಮವರು ಚೆನ್ನಾಗಿ ಅರಿತಿದ್ದರು. ಕನಕದಾಸರ ನಳಚರಿತ್ರೆಯಿಂದ ನಮ್ಮ ಮನೆಮನೆಗೂ ಪರಿಚಿತನಾದ ನಳನು ಮೊದಲು ಸೋತುದು ಅಕ್ಷಹೃದಯವನ್ನರಿಯದೆ. ಮಹಾಭಾರತದ ವನಪರ್ವದಲ್ಲಿ ಋತುಪರ್ಣನು ತಾರೆಯ ಮರವೊಂದರ ಎಲೆಕಾಯಿಗಳ ಎಣಿಕೆಯನ್ನು ರಥದಲ್ಲಿ ಕುಳಿತೇ ಹೇಳುತ್ತಾನೆ. ನಳನು ಇಳಿದು ಎಣಿಸಿ ನೋಡಿ ಬೆರಗಾಗಿ, ಅಶ್ವಹೃದಯಕ್ಕೆ ಪ್ರತಿಯಾಗಿ ಆ ಎಣಿಕೆಯ ವಿದ್ಯೆಯನ್ನೂ ಅಕ್ಷಹೃದಯವನ್ನೂ ಪಡೆಯುತ್ತಾನೆ. ಎಣಿಕೆಗೂ ದಾಳಕ್ಕೂ ಸಂಬಂಧವುಂಟೆಂಬ ಈ ಸೂಚನೆಯು ಪಾಶ್ಚಾತ್ಯರನ್ನೂ ವಿಸ್ಮಯಗೊಳಿಸಿದೆ. ಆದರೆ ಗಂಟಿನ ವಿಷಯದಲ್ಲಿ ನಳನು ಕೆಟ್ಟ ಗುರು. ಹಿಂದಿರುಗಿ ಬಂದವನು ಇದ್ದುದೆಲ್ಲವನ್ನೂ, ಪತ್ನಿಯನ್ನು ಸಹ, ಒಂದೇ ಪಣದಲ್ಲಿ ಒಡ್ಡಿಬಿಟ್ಟನು. ಗೆದ್ದನೆಂಬುದು ಕಥೆಯ ಭಾಗ್ಯ.

ಗಂಟಿನ ಗಣಿತವು ಯೂರೋಪಿನಲ್ಲಿ ೧೬೫೪ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬುವರ ಪತ್ರವ್ಯವಹಾರದಿಂದ ಮೊದಲಾಗಿ, ೧೬೫೭ರಲ್ಲಿ ಹೈಗೆನ್ಸನ ಪುಸ್ತಕದಲ್ಲಿ ಪ್ರಶ್ನೆಯ ರೂಪವನ್ನು ತಾಳಿತು. ಅದರ ಫಲವನ್ನಷ್ಟೇ ಹೇಳುತ್ತೇನೆ. ಸಭಿಕನ ಪಾಲನ್ನು ಬದಿಗಿಟ್ಟು, ನಮ್ಮ ಜಾಣನಿಗೆ ನೂರಕ್ಕೆ ೫೧ರ ಅನುಕೂಲವಿದೆಯೆಂದೇ ಎಣಿಸೋಣ. ಅವನು ಕೊನೆಯಿಲ್ಲದೆ ಆಡುತ್ತಿರಲಿ. ಗಂಟಿನಲ್ಲಿ ಹತ್ತು ಪಣಗಳಷ್ಟು ಹಣವಿದ್ದರೆ, ಇಂತಹ ನೂರು ಮಂದಿ ಜಾಣರಲ್ಲಿ ಸುಮಾರು ೬೭ ಮಂದಿ ಒಂದಲ್ಲ ಒಂದು ದಿನ ಬರಿಗೈಯಾಗುತ್ತಾರೆ. ಐವತ್ತು ಪಣಗಳಷ್ಟಿದ್ದರೆ ಹದಿಮೂರು ಹದಿನಾಲ್ಕು ಮಂದಿ. ನೂರು ಪಣಗಳಷ್ಟಿದ್ದರೆ ಇಬ್ಬರಿಗೂ ಕಡಮೆ. ಅನುಕೂಲವು ಎಲ್ಲರಿಗೂ ಒಂದೇ ಆಗಿತ್ತು. ಗಂಟಿನ ಗಾತ್ರವೊಂದೇ ಬೇರೆ. ಸಮಬಲದ ಆಟವಾದರಂತೂ, ಎದುರಿನ ಲೋಕದ ಹಣವು ಮುಗಿಯದಿರುವಾಗ ಚಿಕ್ಕ ಗಂಟು ಬರಿದಾಗುವುದು ನಿಶ್ಚಯ. ಮನೆಯ ಖರ್ಚಿಗೆಂದು ತಿಂಗಳುತಿಂಗಳೂ ಆ ಗಂಟಿನಿಂದಲೇ ತೆಗೆದರೆ ಏನಾಗುವುದೆಂಬುದನ್ನು ಒಕ್ಕಲಿಗನು ಹೇಳಿಯಾನು.

ಆದುದರಿಂದಲೇ ಅನುಭವಿಗಳು ಗಂಟಿನ ಅಲ್ಪಾಂಶವನ್ನು ಮಾತ್ರ ಒಡ್ಡುತ್ತಾರೆ. ಅಮೆರಿಕದ ಕ್ರಿಸ್ ಫರ್ಗುಸನ್ ಎಂಬುವನು, ೨೦೦೦ದಲ್ಲಿ ಪೋಕರಿನ ಜಗತ್ಸ್ಪರ್ಧೆಯನ್ನು ಗೆದ್ದವನು, ೨೦೦೬ರಲ್ಲಿ ಕೈಯಿಂದ ಏನನ್ನೂ ಹಾಕದೆ ಅಂತರ್ಜಾಲದ ಆಟದಲ್ಲಿ ಹತ್ತುಸಾವಿರ ಡಾಲರು ಮಾಡುವೆನೆಂದು ಹೊರಟನು. ಗಂಟಿನಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚನ್ನು ಒಂದು ಮೇಜಿಗೆ ಒಯ್ಯಬಾರದೆಂಬುದು ಅವನ ಕಟ್ಟಳೆ. ಮಾಡಿಯೂ ತೋರಿಸಿದನು, ಹಿಡಿದದ್ದು ಒಂದು ವರ್ಷಕ್ಕೂ ಮೇಲೆ. ಅವನು ಗಣಕಶಾಸ್ತ್ರದ ಡಾಕ್ಟರು, ಜಗಜ್ಜೇತ, ಅನ್ನಕ್ಕೆ ಆ ಗಂಟನ್ನು ನಂಬಿದವನಲ್ಲ. ಈ ಮೂರೂ ವಿಶೇಷಣಗಳನ್ನು ಬಿಟ್ಟು ಕಟ್ಟಳೆಯೊಂದನ್ನೇ ನಮ್ಮ ತರುಣರು ಬಾಯಿಪಾಠ ಮಾಡುತ್ತಾರೆ. ಅವನು ಆಡಿದ ಆ ಅಂತರ್ಜಾಲದ ಸಭೆಯನ್ನು ೨೦೧೧ರ ಏಪ್ರಿಲಿನಲ್ಲಿ ಅಮೆರಿಕದ ಸರಕಾರವು ಮುಚ್ಚಿಸಿತು. ಆಟಗಾರರು ಇಟ್ಟಿದ್ದ ಹಣವನ್ನು ಸಭೆಯವರು ಬೇರೆ ಮಾಡಿ ಕಾಪಾಡಿರಲಿಲ್ಲವೆಂಬ ಆರೋಪವು ಹೊರಬಿದ್ದಿತು. ಅಲ್ಲಿಯ ಆಟಗಾರರಿಗೆ ಹಣವು ಮರಳತೊಡಗಿದುದು ೨೦೧೪ರಲ್ಲಿ.

ಕಲ್ಯಾಣದ ಅರಮನೆಯಲ್ಲಿಯೂ ಆಟವಿದ್ದಿತು. ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಚತುರಂಗ, ಪಾಶಕ, ಕವಡೆಯಾಟಗಳ ವಿವರಗಳಿವೆ. ಅವು ರಾಜನ ವಿನೋದಗಳು. ಬೊಕ್ಕಸವಿರುವವನಿಗೆ ಗಂಟಿನ ಚಿಂತೆಯೇನು? ವಿರಾಟನ ಆಸ್ಥಾನದಲ್ಲಿ ಕಂಕನೆಂಬ ಹೆಸರಿನಿಂದ ದಾಳವಾಡಿಕೊಂಡಿದ್ದ ಧರ್ಮರಾಯನಿಗೂ ಆಗ ಅಶನವಸನಗಳು ಅರಸನವಾಗಿದ್ದವು. ಗೆದ್ದುದನ್ನು ತಮ್ಮಂದಿರಿಗೆ ಗುಟ್ಟಾಗಿ ಹಂಚುತ್ತಿದ್ದನು.

ಇನ್ನು ಕಾನೂನಿನ ಮಾತು. ನಮ್ಮ ಬೀದರವು ನಿಜಾಮರ ರಾಜ್ಯದಲ್ಲಿದ್ದಾಗ ಫಸಲೀ ೧೩೦೫ರ, ಎಂದರೆ ಸುಮಾರು ೧೮೯೫-೯೬ರ, ಹೈದರಾಬಾದು ಜೂಜಿನ ಕಾಯಿದೆ ಇದ್ದಿತು. ಅದೇ ಕಾಯಿದೆಯ ಮೇರೆಗೆ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೬೮ರಲ್ಲಿ, ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದೂ ಮೂರೆಲೆಯ ಆಟವು ಬರಿಯ ಅದೃಷ್ಟವೆಂದೂ ವಿಂಗಡಿಸಿತು. ಪೋಕರನ್ನು ಕೌಶಲದಿಂದ ಆಡಿಸಲು ಪರವಾನಗಿ ಬೇಕಿಲ್ಲವೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೧೩ರಲ್ಲಿ ಹೇಳಿತು. ಗುಜರಾತಿನದು ೨೦೧೭ರಲ್ಲಿ ಅದು ಜೂಜೇ ಎಂದಿತು. ಹಣವೊಡ್ಡಿ ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿ ಕರ್ನಾಟಕವು ೨೦೨೧ರಲ್ಲಿ ಮಾಡಿದ ತಿದ್ದುಪಡಿಯು ೨೦೨೨ರ ಫೆಬ್ರವರಿಯಲ್ಲಿ ಬಿದ್ದುಹೋಯಿತು. ೨೦೨೫ರ ಆಗಸ್ಟಿನಲ್ಲಿ ಕೇಂದ್ರವು, ಕೌಶಲವಿರಲಿ ಅದೃಷ್ಟವಿರಲಿ, ಹಣವೊಡ್ಡುವ ಅಂತರ್ಜಾಲದ ಆಟಗಳನ್ನು ನಡೆಯಿಸುವುದನ್ನೇ ನಿಷೇಧಿಸುವ ಕಾಯಿದೆಯನ್ನು ಮಾಡಿತು. ಆ ಕಾಯಿದೆಯಲ್ಲಿ ದಂಡನೆಯಿರುವುದು ಸಭಿಕನಿಗೆ, ಆಡುವವನಿಗೆ ಇಲ್ಲ.

ಇದನ್ನು ಕೇಳಿ, ಹೊರದೇಶದ ಸಭೆಗಳಲ್ಲಿ ಆಡಬಹುದಷ್ಟೆ ಎನ್ನುವ ತರುಣರುಂಟು. ವಿಜ್ಞಾನೇಶ್ವರನ ಪ್ರಕರಣದಲ್ಲಿ ಇದಕ್ಕೂ ಒಂದು ಮಾತಿದೆ. ಸೋತವನಿಂದ ಹಣವನ್ನು ವಸೂಲು ಮಾಡಿ ಗೆದ್ದವನಿಗೆ ಮುಟ್ಟಿಸುವುದು ಸಭಿಕನ ಹೊಣೆ; ಅವನಿಂದಾಗದಿದ್ದರೆ ರಾಜನು ಕೊಡಿಸಬೇಕು. ಆದರೆ ಅದು ಸಭಿಕನಿರುವ ಪ್ರಸಿದ್ಧವಾದ ಸ್ಥಳದಲ್ಲಿ, ರಾಜನಿಗೆ ಸಲ್ಲಬೇಕಾದ ಪಾಲು ಸಂದಿದ್ದರೆ ಮಾತ್ರ. ಮರೆಯಲ್ಲಿ ಆಡಿ ಗೆದ್ದುದನ್ನು ರಾಜನು ಕೊಡಿಸತಕ್ಕದ್ದಲ್ಲ.